ಹರಿಯದ ಒಂದು ಗೇಣು

ಎಳೆಗೆ ಎಳೆ ಕೂಡಿಸಿ ಹಗಲನ್ನೂ ಇರುಳನ್ನೂ ನೇಯುವವನೇ, ನೇಯುವ ಕೈ ಮಾತ್ರ ತೋರಿಸದೆ ಮರೆಯಲ್ಲಿ ನಿಂತವನೇ, ನಿನಗೆ ಶರಣು. ಹರಿಯುವುದನ್ನೇ ಪೂಜೆ ಮಾಡಿಕೊಂಡ ತಾಯಿ ಹೊಳವ್ವನಿಗೆ ಶರಣು. ಹೇಳುವ ನಾಲಿಗೆ ನಿನ್ನದು, ಕೇಳುವ ಕಿವಿಯೂ ನಿನ್ನದು. ಎಲ್ಲಾದರೂ ತಪ್ಪಿದರೆ ತಿದ್ದು, ತಂದೆ.

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮದ ಬಾಗಿಲಿನಿಂದ ಹೊಳೆಗೆ ಹತ್ತು ಮೆಟ್ಟಿಲು.

ಅಲ್ಲಿದ್ದ ಗುರುವಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಹೊಳೆಯಜ್ಜ ಎನ್ನುತ್ತಿದ್ದರು. ಮಾತು ಕಡಿಮೆ. ಆಡಿದರೂ ಅದು ಪ್ರಶ್ನೆಯೇ ಆಗಿರುತ್ತಿತ್ತು.

ಆಶ್ರಮದ ಹಿಂದೆ ಮಗ್ಗದ ಮನೆ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಮಗ್ಗಗಳು. ಮುಂಗಾರಿನ ಹೊಸ ನೀರು ಬಂದು ಎಲ್ಲಕ್ಕಿಂತ ಕೆಳಗಿನ ಹತ್ತನೇ ಮೆಟ್ಟಿಲು ಮುಟ್ಟಿದ ದಿನ ನೀರಿಗೆ ಸೀರೆ ಬಿಟ್ಟು ಹೊಳವ್ವನಿಗೆ ಉಡಿಸುವುದು ಅಲ್ಲಿಯ ನೇಮ. ಹದಿನಾರು ಮೊಳದ ಹತ್ತಿ ಸೀರೆ. ಶುರು ಮಾಡಿದ ಕೈಯೇ ಮುಗಿಸಬೇಕು. ನಡುವೆ ಇನ್ನೊಬ್ಬರು ಆ ಮಗ್ಗದ ಲಾಳಿ ಮುಟ್ಟುವಂತಿಲ್ಲ.

ಅಜ್ಜನ ಕಾಲದಲ್ಲಿ ಒಂದು ವರ್ಷವೂ ಹೊಳವ್ವ ಸೀರೆಯಿಲ್ಲದೆ ಹರಿದವಳಲ್ಲ.

ಆ ವರ್ಷ ಸೀರೆಯ ಸೇವೆಯನ್ನು ಬೇಡಿ ಪಡೆದವನು ಅಡಿವೆಪ್ಪ. ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಭಕ್ತಿಯಲ್ಲಿ ಕಡಿಮೆಯಿಲ್ಲ, ದುಡಿಮೆಯಲ್ಲಂತೂ ಕಡಿಮೆಯೇ ಇಲ್ಲ. ಆದರೆ ಯಾವುದು ಕೆಟ್ಟರೂ ಅದರ ಬೇರು ಕೀಳುವ ತನಕ ಅವನಿಗೆ ಊಟ ಸೇರುತ್ತಿರಲಿಲ್ಲ.

ಕೆಟ್ಟಿದ್ದು ಮಗ್ಗವೇ.

ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿಯತೊಡಗಿತು. ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು, ತುದಿಗಳನ್ನು ಹುಡುಕಬೇಕು, ಗಂಟು ಹಾಕಬೇಕು. ಗಂಟು ಹಾಕಿ ಲಾಳಿ ಎಸೆಯುವಷ್ಟರಲ್ಲಿ ಪಕ್ಕದ ಎಳೆ ಹರಿಯುತ್ತಿತ್ತು.

ಅಡಿವೆಪ್ಪ ಇದ್ದಿಲು ತಂದ. ಎಳೆ ಹರಿದಾಗೆಲ್ಲ ಗೋಡೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ಕೆಳಗೆ ಕಾರಣ ಬರೆದ. ನೂಲು ಒರಟು. ಗಂಜಿ ತೆಳ್ಳಗೆ. ಹಾಸು ಸಡಿಲ. ಆಮೇಲೆ ಆಮೇಲೆ ಕಾರಣದ ಜಾಗದಲ್ಲಿ ಒಂದು ಹೆಸರು ಬಂತು. ಸಾವಂತ್ರವ್ವ.

ಸಾವಂತ್ರವ್ವ ಪಕ್ಕದ ಮಗ್ಗದವಳು, ಅರವತ್ತು ದಾಟಿದವಳು. ಅಡಿವೆಪ್ಪನಿಗೆ ಲಾಳಿ ಹಿಡಿಯುವುದನ್ನು ಕಲಿಸಿದ ಕೈ ಅವಳದೇ. ಈ ಹಾಸಿನ ಎಳೆಗಳಿಗೆ ಗಂಜಿ ಹಚ್ಚಿದವಳೂ ಅವಳೇ.

ಅವಳಿಗೆ ಓದು ಬರುತ್ತಿರಲಿಲ್ಲ. ಒಂದು ದಿನ ಗೋಡೆಯ ಮುಂದೆ ನಿಂತು ಕೇಳಿದಳು.

"ಇದೇನ್ ಬರದೀಯೋ ತಮ್ಮಾ, ಗೆರಿಗೆರಿಗೆ ಒಂದೇ ನಮೂನಿ ಕಾಣಸ್ತೈತಿ?"

ಅಡಿವೆಪ್ಪ ಓದಿ ಹೇಳಿದ.

ಸಾವಂತ್ರವ್ವ ಸೆರಗು ಸರಿಮಾಡಿಕೊಂಡಳು. ತನ್ನ ಲಾಳಿಯನ್ನು ಮಗ್ಗದ ಮೇಲೆ ಮಲಗಿಸಿದಳು, ಕೂಸನ್ನು ಮಲಗಿಸುವ ಹಾಗೆ. ಹೊರಗೆ ನಡೆದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಹನ್ನೆರಡು ದಿನಕ್ಕೆ ಮೂರು ಮೊಳ ಆಗಿತ್ತು. ಹೊಸ ನೀರಿಗೆ ಇನ್ನು ಹತ್ತು ದಿನವೂ ಇರಲಿಲ್ಲ.

ಹೊಳೆಯಜ್ಜ ಮಗ್ಗದ ಮನೆಗೆ ಬಂದರು. ಬಿಸಿಲು ಜಂತಿಯ ಸಂದಿಯಿಂದ ಇಳಿದು ನೂಲಿನ ಧೂಳಿನಲ್ಲಿ ಕೋಲುಕೋಲಾಗಿ ನಿಂತಿತ್ತು. ಅಜ್ಜ ಮಗ್ಗ ನೋಡಿದರು. ಗೋಡೆ ನೋಡಿದರು.

"ಎಷ್ಟ್ ಸಲ ಹರೀತಪಾ?"

"ನೂರಾ ಹದಿನೇಳು ಸಲ, ಅಜ್ಜಾರ." ಅಡಿವೆಪ್ಪನ ದನಿಯಲ್ಲಿ ದುಃಖವೂ ಇತ್ತು, ಒಂದು ಚೂರು ಹೆಮ್ಮೆಯೂ ಇತ್ತು. "ಒಂದನ್ನೂ ಬಿಟ್ಟಿಲ್ಲ. ಯಾವುದಕ್ಕ ಹರೀತು ಅನ್ನೂದ್ನೂ ಬರದೀನಿ."

"ಗ್ವಾಡಿ ಚಲೋ ನೇಯ್ದಿ ನೋಡು," ಎಂದರು ಅಜ್ಜ.

ಅಡಿವೆಪ್ಪ ತಲೆ ತಗ್ಗಿಸಿದ.

"ಹರಿಯದ ಜಾಗ ಎಲ್ಲೈತಿ?"

"ಹರಿಯದ್ದು ಎಲ್ಲೈತ್ರಿ ಅಜ್ಜಾರ? ಇಡೀ ಬಟ್ಟಿ ಗಂಟೇ ಐತಿ."

"ಕಣ್ಣು ಮುಚ್ಚಿ ಕೈಯಾಡಸು."

ಅಡಿವೆಪ್ಪ ಕಣ್ಣು ಮುಚ್ಚಿದ. ಸುತ್ತಿಟ್ಟ ಬಟ್ಟೆ ಬಿಚ್ಚಿ ಬೆರಳಾಡಿಸಿದ. ಗಂಟು, ಗಂಟು, ಗಂಟು. ಎಳ್ಳು ಚೆಲ್ಲಿದ ಹಾಗೆ ಬೆರಳಿಗೆ ಸಿಕ್ಕಿದವು.

ಆಮೇಲೆ ಏನೂ ಸಿಗಲಿಲ್ಲ.

ಬೆರಳು ಜಾರಿತು. ನೀರಿನ ಮೇಲೆ ಕೈಯಿಟ್ಟ ಹಾಗಿತ್ತು. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಮತ್ತೆ ಗಂಟು.

"ಇಲ್ಲೊಂದು ಗೇಣು..." ಅಡಿವೆಪ್ಪ ಕಣ್ಣು ತೆರೆದ. "ಇದು ಎಂದ ಆತೋ ನನಗ ಗೊತ್ತಿಲ್ರಿ."

"ಗ್ವಾಡಿ ಏನಂತೈತಿ?"

"ಗ್ವಾಡಿ ಮ್ಯಾಲೆ ಹರಿದದ್ದಷ್ಟ ಬರದೀನ್ರಿ."

ಅಜ್ಜ ಹೊರಗೆ ಹೋದರು. ಕೆಮ್ಮಣ್ಣು ಕಲಸಿದ ಬೋಗುಣಿಯೊಂದಿಗೆ ಬಂದರು. ಅಂಗೈಯಿಂದ ಗೋಡೆಯನ್ನು ಸಾರಿಸತೊಡಗಿದರು. ಗೆರೆಗಳು ಹೋದವು. ನೂಲು, ಗಂಜಿ, ಸಾವಂತ್ರವ್ವ, ಎಲ್ಲ ಕೆಮ್ಮಣ್ಣಿನಡಿ ಮುಳುಗಿದವು.

"ಅಜ್ಜಾರ! ಹನ್ನೆರಡು ದಿನದ್ದು! ಕಾರಣ ಗೊತ್ತಾಗದಿದ್ರ ಸರಿ ಹೆಂಗ ಮಾಡ್ಲ್ರಿ?"

ಅಜ್ಜ ಕೈ ತೊಳೆದುಕೊಂಡರು. "ಆ ಒಂದು ಗೇಣು ನೇಯೂವಾಗ ಏನಿತ್ತು? ನೆನಪು ಮಾಡು."

ಅಡಿವೆಪ್ಪ ಆ ಗೇಣಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದ. ಒಳ್ಳೆಯದನ್ನು ನೆನೆಯುವುದು ಇಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ.

"ಏನೂ ನೆನಪಿಲ್ರಿ. ಬೆಳಗಿನ ಹೊತ್ತಿರಬೇಕು. ಆಮ್ಯಾಲೆ... ಕಾಲು ತಣ್ಣಗಿದ್ವು."

"ಹೂಂ," ಎಂದರು ಅಜ್ಜ. ಅಷ್ಟೇ ಹೇಳಿ ಹೊಳೆಯ ಕಡೆ ನಡೆದರು. ಅಡಿವೆಪ್ಪ ಹಿಂದೆಯೇ ನಡೆದ.

ನಡುಹಗಲು. ಹೊಳೆ ಸಣ್ಣಗಾಗಿ, ಮರಳಿನ ನಡುವೆ ನಿದ್ದೆಹೋದ ಹಾಗಿತ್ತು. ದಂಡೆಯ ಅತ್ತಿಮರದ ಕೆಳಗೆ ಅಜ್ಜ ಕೂತರು. ಎಲೆಗಳ ನೆರಳು ಅವರ ಕಾವಿಯ ಮೇಲೆ ಮೀನಿನ ಹಾಗೆ ಓಡಾಡಿತು.

"ನೀನು ಸರಿಯಾಗಿ ಮಲಗಿ ಎಷ್ಟ್ ದಿನ ಆತು?"

"ಹನ್ನೆರಡು ದಿನ, ಅಜ್ಜಾರ."

"ಅಡ್ಡಾಗು."

ಅಡಿವೆಪ್ಪ ಮರಳಿನ ಮೇಲೆ ಅಡ್ಡಾದ. ಎಲ್ಲೋ ಒಂದು ಬೆಳವನ ಹಕ್ಕಿ ಕೂಗಿ ಕೂಗಿ ನಿಲ್ಲಿಸಿತು.

"ಈಗ ನಿನಗ ನಿದ್ದಿ ಹತ್ತೈತಿ ಅಂತ ತಿಳಿ." ಅಜ್ಜನ ದನಿ ದೂರದಿಂದ ಬಂದಂತಿತ್ತು. "ನೀ ಮಲಗಿದಾಗ ಹೊಳವ್ವ ಎದ್ದು ಬರ್ತಾಳ. ಹತ್ತು ಮೆಟ್ಟಿಲ ಏರ್ತಾಳ. ಮಗ್ಗದ ಮನಿಗೆ ಹೋಗಿ ನಿನ್ನ ಕುಣಿ ಹತ್ರ ಒಂದು ಗಳಿಗಿ ಕೂಡ್ತಾಳ. ಎಲ್ಲಾ ಸರಿ ಮಾಡಿ ತಿರುಗಿ ಹೋಗ್ತಾಳ. ಯಾರಿಗೂ ಹೇಳಂಗಿಲ್ಲ. ನಿನಗೂ ಹೇಳಂಗಿಲ್ಲ. ನೀ ಎದ್ದ ಮ್ಯಾಲೆ ಆಕಿ ಬಂದು ಹೋದದ್ದು ನಿನಗ ಹೆಂಗ ಗೊತ್ತಾಗತೈತಿ? ಮೊದಲ ಏನು ಕಾಣ್ತೈತಿ?"

ಅಡಿವೆಪ್ಪನ ರೆಪ್ಪೆ ಭಾರವಾಗಿತ್ತು. ಮರಳು ಬೆಚ್ಚಗಿತ್ತು. ನಿದ್ದೆ ಬಂತೋ ಬರಲಿಲ್ಲವೋ, ಅವನಿಗೇ ತಿಳಿಯಲಿಲ್ಲ. ಆದರೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳು ಕಂಡವು. ಹೆಜ್ಜೆಗಳ ಹಿಂದೆ ತಾನು ನಡೆಯುತ್ತಿದ್ದ.

"ಕಾಣೂದಲ್ರಿ, ಕೇಳಸ್ತೈತಿ," ಎಂದ. "ಮಗ್ಗದ ಸಪ್ಪಳ. ನಡುವ ನಿಲ್ಲಂಗಿಲ್ಲ."

"ಮತ್ತ?"

"ಹಸಿ ಮಣ್ಣಿನ ವಾಸನಿ ಬರಾಕತ್ತೈತಿ."

"ಮತ್ತ?"

"ಸಾವಂತ್ರವ್ವ ಹಾಡಾಕತ್ತಾಳ. ಆಕಿ ಹಾಡಿಗೆ ನನ್ನ ಕೈ ತಾನ ನಿಧಾನ ಆಗೈತಿ. ನನ್ನ ನೋಡಿ, ಬಾ ತಮ್ಮಾ, ಕೂಡು ಅಂತಾಳ..."

ಅಡಿವೆಪ್ಪ ತಟ್ಟನೆ ಎದ್ದು ಕೂತ.

ಅಜ್ಜ ಹೊಳೆಯನ್ನೇ ನೋಡುತ್ತಿದ್ದರು. "ನೂಲಿನ ಮಾತು ಬರಲೇ ಇಲ್ಲಲ್ಲೋ."

ಅಡಿವೆಪ್ಪ ಮೈಗಂಟಿದ ಮರಳು ಕೊಡವಿಕೊಂಡು ಎದ್ದ.

ಇಬ್ಬರೂ ಮೆಟ್ಟಿಲ ಬಳಿ ಬಂದರು. ಅಜ್ಜ ಕೆಳಗೆ ಮರಳಿನಲ್ಲಿ ನಿಂತು ಕೋಲಿನಿಂದ ಮೇಲೆ ತೋರಿಸಿದರು.

"ಎಲ್ಲಾಕ್ಕಿಂತ ಮ್ಯಾಲಿನ ಮೆಟ್ಟಿಲ ಅಂದ್ರ, ಸೀರಿ ಆಗೂದೇ ಇಲ್ಲ ಅಂತ. ಈ ಹತ್ತನೇದು ಅಂದ್ರ, ಸೀರಿ ಹೊಳವ್ವನ ಮೈ ಮ್ಯಾಲೆ ಐತಿ ಅಂತ. ಈಗ ನೀ ಎಲ್ಲಿ ಅದಿ? ಹೋಗಿ ನಿಂದರು."

ಅಡಿವೆಪ್ಪ ಏರಿದ. ಮೇಲಿನದಕ್ಕೆ ಕಾಲಿಟ್ಟ. ಸ್ವಲ್ಪ ಯೋಚಿಸಿ ಒಂದು ಇಳಿದ.

"ಎರಡನೇದ್ರಾಗ, ಅಜ್ಜಾರ. ನಾಚಿಕಿ ಆಗತೈತಿ."

"ನಾಚಿಕಿ ಇರಲಿ. ಒಂದನೇದ್ರಾಗ ಯಾಕ ನಿಲ್ಲಲಿಲ್ಲ?"

ಅಡಿವೆಪ್ಪ ತಬ್ಬಿಬ್ಬಾದ. ಎರಡನೆಯದು ಯಾಕೆ, ಮೂರು ಮೊಳ ಮಾತ್ರ ಯಾಕೆ ಎಂದು ಕೇಳುತ್ತಾರೆಂದು ಅವನು ಕಾದಿದ್ದ.

"ಮೂರು ಮೊಳ ಆಗೈತಲ್ರಿ."

"ಮತ್ತ?"

"ಒಂದು ಗೇಣು ಹರಿದಿಲ್ಲ."

"ಮತ್ತ?"

"ಕಾಲು ತಣ್ಣಗಿದ್ವು." ಹೇಳುತ್ತಲೇ ಅವನಿಗೆ ನಗು ಬಂತು. ಹನ್ನೆರಡು ದಿನದಲ್ಲಿ ಬಂದ ಮೊದಲ ನಗು.

"ಮೂರನೇ ಮೆಟ್ಟಿಲದಾಗ ಏನೈತಿ?"

"ಹತ್ತನೇದಕ್ಕ ಹೋಗಬೇಕಂದ್ರ ಮೊದಲ ಹೊಸಾ ಹಾಸು, ಆಮ್ಯಾಲೆ..."

"ಹತ್ತನೇದು ಕೇಳಿಲ್ಲ ನಾ."

ಅಡಿವೆಪ್ಪ ಕೆಳಗಿನ ಮೆಟ್ಟಿಲು ನೋಡಿದ. ಬರಿಯ ಕಲ್ಲು. ಅದರ ಮೇಲೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಹಳೆಯ ಸೆರಗು ಕಂಡ ಹಾಗಾಯಿತು.

"ಸಾವಂತ್ರವ್ವನ ಮನಿ," ಎಂದ.

"ಹೋಗು. ಯಾಕ ಹರೀತು ಅಂತ ಕೇಳಬ್ಯಾಡ. ಯಾರ ತಪ್ಪು ಅಂತ ಕೇಳಬ್ಯಾಡ."

"ಮತ್ತೇನ್ ಕೇಳ್ಲ್ರಿ?"

ಅಜ್ಜ ಆಗಲೇ ಮರಳಿನ ಮೇಲೆ ನಡೆದು ಹೋಗುತ್ತಿದ್ದರು.

ಅಡಿವೆಪ್ಪ ಮಗ್ಗದ ಮನೆಗೆ ಹೋದ. ಒಂದು ದಾರ ತಗೊಂಡು ಆ ಹರಿಯದ ಗೇಣನ್ನು ಅಳೆದ. ದಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸಾವಂತ್ರವ್ವನ ಓಣಿಗೆ ಹೋದ.

ಸಾವಂತ್ರವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

"ಯಾಕ್ ಬಂದಿ? ನಿಮ್ಮ ಗ್ವಾಡಿ ತುಂಬಿತೇನು? ನಮ್ಮ ಮನಿ ಗ್ವಾಡಿನೂ ಬೇಕಾತೇನು ಬರಿಯಾಕ?"

"ಗ್ವಾಡಿ ಸಾರಿಸ್ಯಾರ ಅಜ್ಜಾರು."

"ಹಂಗಾರ ಅದರಾಗ ನಾನೂ ಹೋದೆ ಬಿಡು. ಚಲೋ ಆತು."

"ಎವ್ವಾ," ಎಂದ ಅಡಿವೆಪ್ಪ. ನೆಲದ ಮೇಲೆ ಕೂತ. ದಾರವನ್ನು ಮೊರದ ಅಂಚಿಗೆ ಇಟ್ಟ. "ಬಟ್ಟಿಯೊಳಗ ಇಷ್ಟು ಹರಿದಿಲ್ಲ. ಇಷ್ಟಽ. ಮುಟ್ಟಿದ್ರ ನೀರು ಮುಟ್ಟಿದಂಗ ಐತಿ. ಅವತ್ತು ಏನಿತ್ತು ಅಂತ ನನಗ ಗೊತ್ತಿಲ್ಲ. ಬೆಳಗಿನಾಗ ಕಾಲು ತಣ್ಣಗಿದ್ದದ್ದೊಂದು ನೆನಪೈತಿ. ನಿನಗೇನಾರ ನೆನಪೈತೇನು?"

ಮೊರದ ಸದ್ದು ನಿಂತಿತು.

ಸಾವಂತ್ರವ್ವ ದಾರವನ್ನು ಎತ್ತಿದಳು. ತನ್ನ ಗೇಣಿಗೆ ಹಿಡಿದು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇತ್ತು, ಸಿಟ್ಟಿನ ಹಿಂದೆ ಏನೋ ಅಲುಗಾಡಿತು. ಕಡೆಗೆ ನಕ್ಕೇಬಿಟ್ಟಳು.

"ಕಾಲು ತಣ್ಣಗಿದ್ವು ಅಂತ! ಅಯ್ಯ ನಿನ್ನ! ಅವತ್ತು ನಸುಕಿನಾಗ ಬಂದು ನಿನ್ನ ಕುಣ್ಯಾಗ ಎರಡು ಕೊಡ ನೀರು ಹಾಕಿದ್ದೆ. ಸುತ್ತ ಒದ್ದಿ ಗೋಣಿ ಹಾಸಿದ್ದೆ. ತಂಪಿದ್ರ ಎಳಿ ಮೆತ್ತಗಿರತೈತಿ. ನೀ ಬಂದು ಏನಂದಿ, ನೆನಪೈತೇನು?"

ಅಡಿವೆಪ್ಪನಿಗೆ ನೆನಪಾಯಿತು. ಕಿವಿ ಕೆಂಪಾದವು.

"ಯಾರು ಇಲ್ಲಿ ಕೆಸರು ಮಾಡಿದವ್ರು, ಕಾಲು ಸೆಟದು ಹೋಗ್ತಾವು ಅಂತ ಒದರಿದೆ."

"ಒದರಿದಿ. ಮರುದಿನದಿಂದ ನಾ ನೀರು ಬಿಟ್ಟೆ."

"ನನಗ ಯಾಕ ಹೇಳಲಿಲ್ಲಬೇ?"

"ನೀ ಎಂದ ಕೇಳೀದಿ? ನೀ ಕೇಳಿದ್ದೆಲ್ಲಾ ಗ್ವಾಡಿನ್ನ."

ಅಡಿವೆಪ್ಪ ಅವಳ ಕಾಲು ಮುಟ್ಟಿದ. ಅವಳು ಕಾಲು ಹಿಂದೆ ಎಳೆದುಕೊಂಡಳು.

"ಸಾಕು ಬಿಡು. ಲಾಳಿ ನಾ ಮುಟ್ಟೂ ಹಂಗಿಲ್ಲ. ನೀರು ಹಾಕಾಕ ಅಡ್ಡಿಯಿಲ್ಲಲ್ಲ?"

"ನೀರು ನಾ ತರ್ತೀನಿ. ನೀ ಹಾಡು."

"ನನ್ನ ಹಾಡು ಬ್ಯಾರೆ ಬೇಕೇನು? ಕತ್ತೆ ಒದರಿದಂಗ ಅಂತಿದ್ದಿಯಲ್ಲ?"

"ಅಂದಿದ್ದೆ ಖರೇ. ಇನ್ನು ಅನ್ನೂದಿಲ್ಲ."

ಮರುದಿನ ನಸುಕಿನಲ್ಲಿ, ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿದಾಗ, ಅಡಿವೆಪ್ಪ ಎರಡು ಕೊಡ ಹೊತ್ತು ಮೆಟ್ಟಿಲೇರಿದ. ಕುಣಿಗೆ ನೀರು ಹಾಕಿದ. ಒದ್ದೆ ಗೋಣಿ ಹಾಸಿದ. ಕಾಲು ಇಳಿಬಿಟ್ಟ. ತಂಪು ಪಾದದಿಂದ ಏರಿ ಎದೆಗೆ ಬಂತು.

ಸಾವಂತ್ರವ್ವ ಹಾಡಿದಳು. ಅವಸರದ ಕೈ ಹಾಡಿಗೆ ಕಾಯಲು ಕಲಿಯಿತು.

ಒಂದು ಗೇಣು ಹರಿಯದೆ ಬಂತು. ಅಡಿವೆಪ್ಪ ಎದ್ದು ಹೊಸ ಗೋಡೆಯ ಮೇಲೆ ಒಂದು ಕುಂಕುಮದ ಬೊಟ್ಟಿಟ್ಟ. ಬೊಟ್ಟಿನ ಕೆಳಗೆ ಏನನ್ನೂ ಬರೆಯಲಿಲ್ಲ.

ಎಳೆ ಹರಿಯುವುದು ಪೂರಾ ನಿಂತಿತೇ? ಇಲ್ಲ. ನಡುಹಗಲಿನ ಬಿಸಿಗಾಳಿಗೆ ಹರಿಯುತ್ತಿತ್ತು. ಹರಿದಾಗ ಗಂಟು ಹಾಕುತ್ತಿದ್ದ, ಮುಂದೆ ಹೋಗುತ್ತಿದ್ದ. ನಸುಕಿನಲ್ಲಿ ಹೆಚ್ಚು ಕೂತ. ಸಂಜೆಯ ತಂಪಿನಲ್ಲಿ ಹೆಚ್ಚು ಕೂತ. ಬಿಸಿಲೇರಿದಾಗ ಮಗ್ಗಕ್ಕೆ ಒದ್ದೆ ಬಟ್ಟೆ ಹೊದಿಸಿ ತಾನೂ ಅತ್ತಿಮರದ ಕೆಳಗೆ ಮಲಗಿದ. ದಿನಾ ಸಂಜೆ ಮೆಟ್ಟಿಲಿಗೆ ಹೋಗಿ ಕೆಲಸ ಎಲ್ಲಿಗೆ ಬಂತೋ ಆ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಮೂರು. ನಾಲ್ಕು. ಐದು.

ಕುಣಿಗೆ ನೀರು ಹಾಕತೊಡಗಿದ ಐದನೆಯ ದಿನ ಜೋರು ಗಾಳಿ ಬಿಟ್ಟಿತು. ಒಂದೇ ಹೊತ್ತಿನಲ್ಲಿ ಇಪ್ಪತ್ತು ಎಳೆ ಹರಿದವು. ಸಂಜೆ ಅಡಿವೆಪ್ಪ ಐದರಿಂದ ನಾಲ್ಕಕ್ಕೆ ಏರಿ ನಿಂತ. ಅಜ್ಜ ಸ್ನಾನ ಮುಗಿಸಿ ಬರುತ್ತಿದ್ದರು.

"ಹಿಂದಕ್ಕ ಬಂದೆ, ಅಜ್ಜಾರ."

"ಮೂರಕ್ಕ ಹೋಗದಂಗ ಯಾವುದು ಹಿಡೀತು?"

ಅಡಿವೆಪ್ಪ ಯೋಚಿಸಿದ. "ಸಾವಂತ್ರವ್ವ ಹಾಡು ನಿಲ್ಲಿಸಲಿಲ್ರಿ."

ಅಜ್ಜ ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟು ಮೇಲೆ ಹೋದರು. ಆ ನೀರು ಹಣೆಯ ಮೇಲೆ ಇಳಿಯುವ ತನಕ ಅಡಿವೆಪ್ಪ ಅಲ್ಲೇ ನಿಂತಿದ್ದ. ಆಮೇಲೆ ಮಗ್ಗಕ್ಕೆ ಹೋದ.

ಎಂಟನೆಯ ದಿನ ಸಂಜೆ ಅವನು ಎಂಟನೇ ಮೆಟ್ಟಿಲಿನಲ್ಲಿದ್ದ. ಇನ್ನು ಎರಡೂವರೆ ಮೊಳ. ಎರಡು ದಿನ ಸಿಕ್ಕರೆ ಸಾಕಿತ್ತು.

ದೇವರ ಲೆಕ್ಕವೇ ಬೇರೆ.

ಒಂಬತ್ತನೆಯ ದಿನದ ನಸುಕು. ಮಂಜಿನೊಳಗಿಂದ ಒಂದು ಸದ್ದು ಬಂತು. ದೂರದಲ್ಲಿ ಸಾವಿರ ಮಗ್ಗ ಒಟ್ಟಿಗೆ ನೇಯುವ ಹಾಗೆ. ಆಶ್ರಮದ ಶಂಖ ಮೊಳಗಿತು.

"ಹೊಸಾ ನೀರು!" ಸಾವಂತ್ರವ್ವನ ಹಾಡು ನಿಂತಿತು.

ಅಡಿವೆಪ್ಪ ಲಾಳಿ ಹಿಡಿದುಕೊಂಡೇ ಕೂತ. "ಇನ್ನೂ ಎರಡೂವರಿ ಮೊಳ ಐತಿ, ಎವ್ವಾ."

"ಕೊಯ್ದು ತೆಗಿ."

"ಅರ್ಧಾ ಸೀರಿ ಹೆಂಗ ಕೊಡ್ಲಿಬೇ? ಹದಿನಾರು ಮೊಳ ಅಂತ ನೇಮ..."

"ಹೊಳವ್ವ ಬಾಗಲಕ್ಕ ಬಂದು ನಿಂತಾಳ. ಮನಿಗೆ ಬಂದಾಕಿನ್ನ ನಿಲ್ಲಿಸಿ, ತಡಿಯವ್ವಾ, ಸೀರಿ ನೇಯಾಕತ್ತೀನಿ ಅಂತೀಯೇನು?"

ಅಡಿವೆಪ್ಪ ಒಮ್ಮೆ ಗೋಡೆಯ ಕಡೆ ನೋಡಿದ. ಕೆಮ್ಮಣ್ಣಿನ ತುಂಬ ಕುಂಕುಮದ ಬೊಟ್ಟುಗಳು, ಬೆಳಗಿನ ಆಕಾಶದಲ್ಲಿ ಇನ್ನೂ ಆರದ ಚುಕ್ಕಿಗಳ ಹಾಗೆ. ಕತ್ತರಿ ತಗೊಂಡ.

ನೇಯದೆ ಉಳಿದ ಎಳೆಗಳು ಸೀರೆಯ ತುದಿಗೆ ಜೋಲಾಡಿದವು, ಬಿಚ್ಚಿದ ಕೂದಲಿನ ಹಾಗೆ. ಸಾವಂತ್ರವ್ವ ಅವನ್ನು ಕಟ್ಟಲು ಹೋಗಲಿಲ್ಲ. ಕೈಯಿಂದ ನೀವಿ ಹಾಗೇ ಬಿಟ್ಟಳು.

ಇಬ್ಬರೂ ಹೊರಗೆ ಬಂದರು. ಮಂಜು. ಆಶ್ರಮವಿಲ್ಲ, ಅತ್ತಿಮರವಿಲ್ಲ, ಆಚೆ ದಡವಿಲ್ಲ. ಕಾಲಿನ ಕೆಳಗೆ ಒಂದೊಂದೇ ಕಲ್ಲು ಹುಟ್ಟಿ ಬರುತ್ತಿದ್ದ ಹಾಗಿತ್ತು. ಅಡಿವೆಪ್ಪ ಸೀರೆಯನ್ನು ಎದೆಗವಚಿಕೊಂಡು ಇಳಿದ. ಒಂದು, ಎರಡು, ಮೂರು. ಏಳರ ಮೇಲೆ ಹೊಳೆಯಜ್ಜ ನಿಂತಿದ್ದರು. ಅವರನ್ನು ದಾಟಿ ಇನ್ನೊಂದು ಇಳಿದು ಅಡಿವೆಪ್ಪ ನಿಂತುಬಿಟ್ಟ. ಅಲ್ಲಿಂದ ಕೆಳಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ.

ಅವನ ಕಣ್ಣು ತುಂಬಿತ್ತು. ಕೆಳಗೆ ನೋಡಲಿಲ್ಲ.

"ತಪ್ಪಾತು, ಅಜ್ಜಾರ. ಹತ್ತನೇ ಮೆಟ್ಟಿಲ ಮುಟ್ಟಾಕ ಆಗಲಿಲ್ಲ. ನಾ ಇನ್ನೂ ಎಂಟನೇದ್ರಾಗ ಅದೀನಿ."

ಅವನ ಕಾಲು ತಣ್ಣಗಾದವು.

ಅಜ್ಜ ಬಗ್ಗಿ ನೋಡಿದರು.

"ಹೊಳವ್ವನೂ ಅಲ್ಲೇ ಅದಾಳಲ್ಲೋ, ಮಗನ."

ಈ ಕಥೆಗೆ ಕಿವಿಗೊಟ್ಟ ಎಲ್ಲರ ಮಗ್ಗವೂ ತಂಪಾಗಿರಲಿ, ಪಕ್ಕದಲ್ಲಿ ಹಾಡುವವರು ಇರಲಿ, ನಿಂತ ಮೆಟ್ಟಿಲಿಗೇ ತಾಯಿ ಏರಿ ಬರಲಿ.